ಕೊನೆಯ ಕಂತಿನ ಕೊಲೆಗಾರ

ಗ್ಯಾನೆಟ್ ಕೋವ್, ಟ್ಯಾಸ್ಮೇನಿಯ
14 ಜೂನ್ 2022

ಟ್ಯಾಮ್ಸಿನ್,

ನಿನ್ನ ಕಂಪನಿಯ ವಿಳಾಸಕ್ಕೆ ಎರಡು ಸಲ ಮೇಲ್ ಕಳಿಸಿದೆ. ಎರಡು ಸಲವೂ ಒಂದೇ ಉತ್ತರ: "ನಿಮ್ಮ ಪ್ರೀತಿಗೆ ಧನ್ಯವಾದ, ಪ್ರತಿಯೊಬ್ಬ ಅಭಿಮಾನಿಗೂ ಪ್ರತ್ಯೇಕವಾಗಿ ಬರೆಯಲು ಆಗುತ್ತಿಲ್ಲ." ನಾನು ನಿನ್ನ ಅಭಿಮಾನಿಯಲ್ಲ, ನಿನ್ನ ಅಮ್ಮನ ಅಕ್ಕ. ಆದ್ದರಿಂದ ಕಾಗದ, ಲಕೋಟೆ, ಅಂಚೆಚೀಟಿ.

ಭಾನುವಾರ ನಿನ್ನ 'ತಳದ ನೀರು' ಧಾರಾವಾಹಿ ಮುಗಿಯಿತು. ಎಂಟು ವಾರ ಊರಿಗೆ ಊರೇ ಬೌಲ್ಸ್ ಕ್ಲಬ್ಬಿನ ಹಾಲ್‌ನಲ್ಲಿ ಕೂತು ನೋಡಿತು. ನಮ್ಮೂರ ಹುಡುಗಿ ಬರೆದದ್ದು, ನಮ್ಮ ಸಮುದ್ರ, ನಮ್ಮ ದೋಣಿ ಎಂದು. ಕೊನೆಯ ಕಂತಿಗೆ ಕುರ್ಚಿ ಸಾಲದೆ ಶಾಲೆಯಿಂದ ಬೆಂಚು ತಂದರು. ಸ್ಕ್ಯಾಲಪ್ ಚಿಪ್ಪುಮೀನಿನ ಪೈ ಮಾಡಿ ತಂದವನು ಕ್ಲೈವ್ ಟ್ರಿಫಿಟ್. ಎಂಟು ವಾರವೂ ಅವನೇ ತಂದ. ನಿನ್ನ ಅಪ್ಪನ ದೋಣಿಯಾಳು. ನೀನು ಸಣ್ಣವಳಿದ್ದಾಗ 'ಮಾಮ' ಎಂದು ಅವನ ಹೆಗಲೇರಿ ಮೀನುಕಟ್ಟೆಗೆ ಹೋಗುತ್ತಿದ್ದೆ. ಮರೆತಿದ್ದರೆ ನೆನಪಿಸುತ್ತಿದ್ದೇನೆ.

ಎಂಟು ಗಂಟೆ ನಲವತ್ತಕ್ಕೆ ನಿನ್ನ ಕಥೆಯ ಮುಳುಗುಗಾರ ಬಂಡೆಗೆ ಅಂಟಿದ ಅಬಲೋನಿ ಚಿಪ್ಪು ಕೀಳಲು ನೀರಿಗಿಳಿದ. ನಿನ್ನ ಕಥೆಯ ದೋಣಿಯಾಳು 'ಕ್ಲೆಮ್' ಸಿಗರೇಟು ಹಚ್ಚಿ, ಕೆಳಗಿರುವವನಿಗೆ ಗಾಳಿ ಎಳೆಯುವ ಕೊಳವೆಯನ್ನು ಎಂಜಿನ್ನಿನ ಹೊಗೆಯ ಕಡೆಗೆ ತಿರುಗಿಸಿ, ನಕ್ಕ. ಹಾಲ್‌ನಲ್ಲಿ ಯಾರೋ "ಅಯ್ಯೋ ಪಾಪಿ" ಎಂದರು. ಆಮೇಲೆ ಒಂದೊಂದೇ ತಲೆ ಹಿಂದಕ್ಕೆ ತಿರುಗಿತು. ಕ್ಲೈವ್ ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದ. "ಸಾಸ್ ಯಾರಿಗಾದ್ರೂ ಬೇಕೇನ್ರಪ್ಪಾ?" ಎಂದು ಕೇಳಿದ. ತಟ್ಟೆಯನ್ನು ಪಿಯಾನೋ ಮೇಲಿಟ್ಟು ಹೊರಗೆ ಹೋದ.

ಪಕ್ಕದ ಮನೆಯ ಹುಡುಗಿ ಬೆಳಿಗ್ಗೆ ತನ್ನ ಫೋನು ಹಿಡಿದು ಬಂದು, ದೇಶವೆಲ್ಲ ಏನು ಬರೆದಿದೆ ಎಂದು ಓದಿ ಹೇಳಿದಳು. "ಮೂರನೇ ಕಂತಲ್ಲೇ ಅವನ ಮುಖ ನೋಡಿ ಹೇಳಿದ್ದೆ" ಎಂಬವರು ಕೆಲವರು. ಅಂತ್ಯ ಬಹಳ ಸಲೀಸಾಯಿತು, ಇನ್ನೊಂದು ಕೊಲೆ ಬೇಕಿತ್ತು ಎಂಬವರು ಹಲವರು. ಮುಳುಗುಗಾರನ ನಾಯಿ ಏನಾಯಿತು ಎಂದು ಇನ್ನೂರು ಜನ ಕೇಳಿದ್ದಾರೆ. ನಾಯಿಯ ವಿಷಯದಲ್ಲಿ ಈ ದೇಶದ ಅಂತಃಕರಣ ಇನ್ನೂ ಜೀವಂತವಾಗಿದೆ, ಸಂತೋಷ.

ಮೂವತ್ನಾಲ್ಕು ವರ್ಷ ಈ ಊರಿನ ಗ್ರಂಥಾಲಯ ನಡೆಸಿದವಳು ನಾನು. ಕಥೆ ಎಂದರೇನು ಎಂದು ನನಗೆ ಪಾಠ ಬೇಡ. 1989ರ ಮಾರ್ಚಿನಲ್ಲಿ ನಿನ್ನ ಅಪ್ಪ ರೆಕ್ಸ್ ಸತ್ತದ್ದು ಅಪಘಾತದಲ್ಲಿ. ಕಥೆಯಲ್ಲಿರುವ ಕೊಲೆ ನೀನು ಕಟ್ಟಿದ್ದು ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆ. ನಿನ್ನ ಹೆಸರು ಹಾಕಿ ಬರೆ. ಬೇರೇನೂ ಕೇಳುತ್ತಿಲ್ಲ.

ವಿನ್ ದೊಡ್ಡಮ್ಮ


ಫುಟ್ಸ್‌ಕ್ರೇ, ಮೆಲ್ಬರ್ನ್
29 ಜೂನ್ 2022

ದೊಡ್ಡಮ್ಮಾ,

ನಿನ್ನ ಕಾಗದ ಓದುವಾಗ ಹತ್ತು ವರ್ಷದವಳಾಗಿ ಗ್ರಂಥಾಲಯದ ಮೇಜಿನ ಮುಂದೆ ತಡವಾದ ಪುಸ್ತಕ ಹಿಡಿದು ನಿಂತ ಹಾಗಾಯಿತು. ಆದರೆ ನನಗೀಗ ನಲವತ್ತು.

ಕಟ್ಟಿದ್ದು ಎಂದು ಬರೆಯಲಾರೆ. ಕಟ್ಟಿದ್ದು ಎಂದು ನನಗೆ ಅನಿಸುವುದಿಲ್ಲ.

ಮೂರು ವರ್ಷದ ಹಿಂದೆ ಅಪ್ಪನ ಸಾವಿನ ವಿಚಾರಣೆಯ ಕಡತ ಹೋಬಾರ್ಟಿನ ಕೋರ್ಟಿನಿಂದ ತರಿಸಿಕೊಂಡೆ. ಒಟ್ಟು ಐವತ್ತೆರಡು ಪುಟ. ಎಷ್ಟು ಸಲ ಓದಿದ್ದೇನೆಂದರೆ ನಿದ್ದೆಯಲ್ಲಿ ಹೇಳಬಲ್ಲೆ. ದೋಣಿಯ ಮೇಲೆ ಒಂದು ಎಂಜಿನ್, ಅದು ಗಾಳಿ ಎಳೆದು ಉದ್ದನೆಯ ಹೋಸಿನಲ್ಲಿ ಕೆಳಗಿರುವವನಿಗೆ ಕಳಿಸುತ್ತದೆ. ಗಾಳಿ ಎಳೆಯುವ ಕೊಳವೆ ಯಾವಾಗಲೂ ಗಾಳಿ ಬೀಸಿ ಬರುವ ಕಡೆಗಿರಬೇಕು, ಹೊಗೆ ಇನ್ನೊಂದು ಕಡೆಗೆ ಹೋಗಬೇಕು. ಗಾಳಿ ತಿರುಗಿದರೆ ಕೊಳವೆ ತಿರುಗಿಸಬೇಕು. ದೋಣಿಯಾಳಿನ ಕೆಲಸದಲ್ಲಿ ಮೊದಲನೆಯದು ಅದು, ಕೊನೆಯದೂ ಅದೇ. ನಮ್ಮೂರಲ್ಲಿ ಆರು ವರ್ಷದ ಮಗುವಿಗೂ ಗೊತ್ತು. ಆವತ್ತು ಗಾಳಿ ತಿರುಗಿತು, ಕೊಳವೆ ತಿರುಗಲಿಲ್ಲ. ಅಪ್ಪ ನಲವತ್ತು ನಿಮಿಷ ಹೊಗೆ ಕುಡಿದ.

ಕ್ಲೈವ್ ಟ್ರಿಫಿಟ್ ಆ ಕೆಲಸ ಹನ್ನೊಂದು ವರ್ಷ ಮಾಡಿದ್ದ, ದೊಡ್ಡಮ್ಮಾ. ಮೂಗು ಕೆರೆದುಕೊಂಡಷ್ಟು ಸಲೀಸಾಗಿ ಕೊಳವೆ ತಿರುಗಿಸುತ್ತಿದ್ದನಂತೆ, ಮಾತಾಡುತ್ತಾ ಮಾತಾಡುತ್ತಾ. ಬೇರೆ ಮುಳುಗುಗಾರರೇ ಸಾಕ್ಷಿ ಹೇಳಿದ್ದಾರೆ. ಆವತ್ತೊಂದು ದಿನ ಯಾಕೆ ತಿರುಗಿಸಲಿಲ್ಲ ಎಂದು ವಿಚಾರಣಾಧಿಕಾರಿ ನಾಲ್ಕು ಸಲ ಕೇಳಿದ್ದಾರೆ. ನಾಲ್ಕು ಸಲವೂ ಅವನು, "ಹೇಳೋಕೆ ಏನೂ ಇಲ್ಲ ಸರ್." ಅಂಥವನು ಅಂಥ ತಪ್ಪು ಮಾಡುವುದಿಲ್ಲ. ತಪ್ಪಲ್ಲದಿದ್ದರೆ ಅದು ಇನ್ನೇನು? ನೀನೇ ಹೇಳು.

ಪುಟ ಹದಿನಾಲ್ಕರಲ್ಲಿ ನಿನ್ನ ಹೇಳಿಕೆ ಇದೆ. "ದೋಣಿ ಜೆಟ್ಟಿಗೆ ಬಂದಾಗ ಕ್ಲೈವ್ ಎಂಜಿನ್ನಿನ ಪಕ್ಕ ಕೂತಿದ್ದನ್ನು ನೋಡಿದೆ." ಕೆಳಗೆ ನಿನ್ನ ರುಜು, ಅದೇ ದುಂಡು ಅಕ್ಷರ. ಅವನನ್ನು ಆ ದೋಣಿಯಲ್ಲಿ ಕೂರಿಸಿದವಳು ನೀನು. ನಾನು ಬರೀ ಕ್ಯಾಮೆರಾ ಇಟ್ಟೆ.

ಅಮ್ಮ ನನ್ನ ಪಕ್ಕದಲ್ಲೇ ಕೂತು ಕೊನೆಯ ಕಂತು ನೋಡಿದಳು. ಮುಗಿದ ಮೇಲೆ, "ಬೆಳಕು ಚೆನ್ನಾಗಿ ತೆಗ್ದಿದ್ದಾರೆ ಕಣೆ" ಎಂದು ಹೇಳಿ ಲೋಟ ತೊಳೆಯಲು ಎದ್ದು ಹೋದಳು.

ಟ್ಯಾಮ್ಸಿನ್


ಗ್ಯಾನೆಟ್ ಕೋವ್
18 ಜುಲೈ 2022

ಟ್ಯಾಮ್ಸಿನ್,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ನಾಲ್ಕು ಸಲ ಬರೆದು ಹರಿದೆ.

ಇಲ್ಲಿಯ ಸಮಾಚಾರ ಹೇಳುತ್ತೇನೆ. ಸಮುದ್ರದಾಚೆ ಮೇನ್‌ಲ್ಯಾಂಡಿನಿಂದ ಜನ ಕಾರು ಮಾಡಿಕೊಂಡು ಬರುತ್ತಾರೆ. ಕ್ಲೈವ್‌ನ ಮನೆಯ ಮುಂದೆ ಸಿಗರೇಟು ಹಚ್ಚಿದ ಹಾಗೆ ನಟಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಬ್ಬಳು ಬಾಗಿಲು ತಟ್ಟಿ, "ಒಂದ್ಸಲ ನಕ್ಕು ತೋರಿಸ್ತೀರಾ, ಧಾರಾವಾಹೀಲಿ ನಕ್ಕ ಹಾಗೆ?" ಎಂದು ಕೇಳಿದಳು. ಕ್ಲೈವ್ ಅವಳಿಗೆ, "ನನ್ನ ಮುಂದಿನ ಹಲ್ಲು ಕಟ್ಟಿಸಿದ್ದು ತಾಯಿ, ನಕ್ಕರೆ ಬೀಳುತ್ತೆ" ಎಂದನಂತೆ. ಅವಳು ಅದನ್ನೂ ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾಳೆ. ಹನ್ನೆರಡು ಸಾವಿರ ಜನ ನೋಡಿದ್ದಾರೆ. ಎಷ್ಟು ತಣ್ಣಗಿದ್ದಾನೆ ನೋಡಿ ಕೊಲೆಗಾರ, ಎಂದು ಕೆಳಗೆ ಬರೆದಿದ್ದಾರೆ.

ಅದನ್ನು ಅವನು ಸಹಿಸುತ್ತಾನೆ. ಸಹಿಸಲಾರದ್ದು ಬೇರೆ ಇದೆ.

ನೀನು ಊರು ಬಿಟ್ಟ ಮೇಲೆ ಅವನು ಏನು ಮಾಡಿಕೊಂಡಿದ್ದ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ರೆಕ್ಸ್ ಹೋದ ಮೇಲೆ ಅವನು ಯಾವ ಮುಳುಗುಗಾರನ ದೋಣಿಯನ್ನೂ ಹತ್ತಲಿಲ್ಲ, ಯಾರೂ ಕರೆಯಲೂ ಇಲ್ಲ. ಮೀನು ಸೀಳುವ ಶೆಡ್ಡಿನಲ್ಲಿ ದುಡಿದ. ಸಂಜೆ ಸುಮ್ಮನೆ ಕೂರಲಾರದೆ ಗುಡ್ಡದ ಮೇಲಿನ ಕೋಣೆಯಿಂದ ದೋಣಿಗಳನ್ನು ಕರೆಯುವ ರೇಡಿಯೋ ಕೆಲಸ ಹಿಡಿದ. ಮೂವತ್ತೊಂದು ವರ್ಷವಾಯಿತು. ದಿನವೂ ಸಂಜೆ ಆರಕ್ಕೆ ಕಾಲು ಗಂಟೆ ಇರುವಾಗ ಹೊರಗಿರುವ ಒಂದೊಂದು ದೋಣಿಯ ಹೆಸರನ್ನೂ ಕರೆಯುತ್ತಾನೆ. ದೋಣಿ "ಇದ್ದೀನಿ" ಎಂದು ಎಲ್ಲಿದೆ ಎಂದು ಹೇಳಬೇಕು. ಹೇಳದಿದ್ದರೆ ಮತ್ತೆ ಕರೆಯುತ್ತಾನೆ, ಹೇಳುವವರೆಗೂ ಎದ್ದು ಹೋಗುವುದಿಲ್ಲ. '98ರಲ್ಲಿ ನಿಕೋಲ್ಸ್ ಅಣ್ಣತಮ್ಮಂದಿರು ಬದುಕಿದ್ದು ಹಾಗೆ. ಉತ್ತರ ಬರದ ಹೆಸರನ್ನು ಅವನು ಹತ್ತೊಂಬತ್ತು ಸಲ ಕರೆದು, ಹೆಲಿಕಾಪ್ಟರ್ ಏಳಿಸಿದ.

ಈಗ ಹೊಸ ಹುಡುಗರ ದೋಣಿಗಳು ಅವನಿಗೆ ಉತ್ತರ ಕೊಡುತ್ತಿಲ್ಲ. ಮೊದಲು ಒಂದು, ಆಮೇಲೆ ಮೂರು, ಈಗ ಏಳು. ತಮ್ಮ ತಮ್ಮೊಳಗೆ ಬೇರೆ ಚಾನೆಲ್ಲಿನಲ್ಲಿ ಮಾತಾಡಿಕೊಳ್ಳುತ್ತಾರೆ. ಆ ಹುಡುಗರಲ್ಲೊಬ್ಬ ಜರೋಡ್ ಹರ್ಸ್ಟ್ ನನಗೆ ಅಂಗಡಿಯಲ್ಲೇ ಹೇಳಿದ, "ಕೆಳಗಿದ್ದೋನ ಉಸಿರು ಕಿತ್ತೋನ ಕೈಗೆ ನಮ್ಮ ಉಸಿರು ಕೊಡೋಕಾಗುತ್ತಾ ಮಿಸ್?" ಎಂದು. ನಿನ್ನ ಧಾರಾವಾಹಿಯ ಮಾತದು, ಕಂತು ಎಂಟು. ಸಂಜೆ ನನ್ನ ಅಡುಗೆಮನೆಯ ರೇಡಿಯೋದಲ್ಲಿ ಕ್ಲೈವ್‌ನ ಧ್ವನಿ ಕೇಳುತ್ತದೆ: ಹೆಸರು, ಮೌನ. ಮತ್ತೆ ಅದೇ ಹೆಸರು, ಮೌನ. ಒಂಬತ್ತು ಗಂಟೆಯವರೆಗೂ ಕರೆಯುತ್ತಾನೆ.

ಆಗಸ್ಟ್ 26ರಂದು ರೇಡಿಯೋ ಸಮಿತಿಯ ಸಭೆ. ಅವನನ್ನು ತೆಗೆದುಹಾಕಬೇಕೆಂದು ಮನವಿ ಬಂದಿದೆ. ಆ ಕುರ್ಚಿ ಹೋದರೆ ಅವನಿಗೆ ಉಳಿಯುವುದೇನೂ ಇಲ್ಲ.

ನಿನ್ನ ಪ್ರಶ್ನೆಗೆ, ಅಂಥವನು ಅಂಥ ತಪ್ಪು ಹೇಗೆ ಮಾಡಿದ ಎಂಬುದಕ್ಕೆ, ಉತ್ತರವಿದೆ. ಕೊಡುವವಳು ನಾನಲ್ಲ. ನಿನ್ನ ಅಮ್ಮನನ್ನು ಕೇಳು. ನಾನು ಹೇಳಿದೆ ಎಂದೇ ಕೇಳು.

ವಿನ್


ಫುಟ್ಸ್‌ಕ್ರೇ
2 ಆಗಸ್ಟ್ 2022

ದೊಡ್ಡಮ್ಮಾ,

ಕೇಳಿದೆ. ಬಟಾಣಿ ಬಿಡಿಸುತ್ತಾ ಕೂತಿದ್ದಳು. "ಆವತ್ತು ನಿಜವಾಗಿ ಏನಾಯ್ತಮ್ಮಾ? ನಿನ್ನನ್ನ ಕೇಳು ಅಂತ ದೊಡ್ಡಮ್ಮ ಬರ್ದಿದ್ದಾರೆ" ಎಂದೆ. ಕೈ ನಿಲ್ಲಲಿಲ್ಲ. "ವಿನ್‌ಗೆ ವಯಸ್ಸಾಯ್ತು. ಓದಿದ್ದು ಯಾವುದು, ನಡೆದಿದ್ದು ಯಾವುದು ಗೊತ್ತಾಗಲ್ಲ ಪಾಪ" ಎಂದಳು. ಬಟಾಣಿ ಮುಗಿಸಿ, ಸಿಪ್ಪೆ ಕಟ್ಟಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ಊಟ ಮಾಡಲಿಲ್ಲ.

ನೀವಿಬ್ಬರೂ ಸೇರಿ ಏನು ಮುಚ್ಚಿಟ್ಟಿದ್ದೀರಿ? ನನ್ನ ಅಪ್ಪ ಅವನು. ಅವನ ಸಾವಿನ ಬಗ್ಗೆ ನಿಮಗೆಲ್ಲ ಗೊತ್ತಿರುವುದು ನನಗೊಬ್ಬಳಿಗೆ ಗೊತ್ತಿಲ್ಲವೆಂದರೆ ಏನರ್ಥ? ಮೂವತ್ತಮೂರು ವರ್ಷ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಿರಿ. ಆ ಖಾಲಿ ಜಾಗದಲ್ಲಿ ನಾನು ಒಂದು ಕಥೆ ಇಟ್ಟೆ. ಈಗ ಕಥೆ ಸರಿಯಿಲ್ಲ ಎಂದು ನನ್ನ ಮೇಲೆ ಕೂಗುತ್ತೀಯ.

ಕ್ಲೈವ್ ನಿರಪರಾಧಿ ಎನ್ನುವುದಕ್ಕೆ ಆಧಾರವಿದ್ದರೆ ಹೇಳು. ಇಲ್ಲದಿದ್ದರೆ ಇನ್ನು ಬರೆಯಬೇಡ.

ಟ್ಯಾಮ್ಸಿನ್


ಗ್ಯಾನೆಟ್ ಕೋವ್
9 ಆಗಸ್ಟ್ 2022

ಟ್ಯಾಮ್ಸಿನ್,

ಕ್ಲೈವ್ ಕೊಳವೆ ತಿರುಗಿಸಲಿಲ್ಲ, ಯಾಕೆಂದರೆ ಅವನು ದೋಣಿಯಲ್ಲೇ ಇರಲಿಲ್ಲ.

ಹಿಂದಿನ ರಾತ್ರಿ ಕ್ರಿಕೆಟ್ ಕ್ಲಬ್ಬಿನ ಗೆಲುವಿನ ಊಟ. ಕ್ಲೈವ್ ಕುಡಿದು ಬೆಳಿಗ್ಗೆ ಏಳಲಿಲ್ಲ. ಸಮುದ್ರ ಎರಡು ವಾರದ ಮೇಲೆ ಶಾಂತವಾಗಿತ್ತು, ರೆಕ್ಸ್ ಬಿಡುವವನಲ್ಲ. ನಿನ್ನನ್ನು ಶಾಲೆಗೆ ಕಳಿಸಿ ನಿನ್ನ ಅಮ್ಮ ಲೊರೇನ್ ತಾನೇ ದೋಣಿ ಹತ್ತಿದಳು. ಅವಳಿಗೆ ದೋಣಿ ನಡೆಸಲು ಬರುತ್ತಿತ್ತು, ಎಂಜಿನ್ ಕಾಯುವುದು ಗೊತ್ತಿರಲಿಲ್ಲ. ರೆಕ್ಸ್ ಹೇಳಿದ್ದು ಇಷ್ಟೇ: "ಗುಳ್ಳೆ ನೋಡ್ತಾ ಇರು. ಗುಳ್ಳೆ ಬರ್ತಿದ್ರೆ ನಾನು ಚೆನ್ನಾಗಿದೀನಿ ಅಂತ."

ಅವಳು ಗುಳ್ಳೆ ನೋಡುತ್ತಾ ಕೂತಳು. ಒಂದು ಕ್ಷಣವೂ ಕಣ್ಣು ತೆಗೆಯಲಿಲ್ಲ. ಗಾಳಿ ತಿರುಗಿತು. ಸಮುದ್ರದ ಇಳಿತದ ಸೆಳೆತ ಹಿಡಿದಿದ್ದರಿಂದ ದೋಣಿ ಮಾತ್ರ ತಿರುಗಲಿಲ್ಲ. ಹೊಗೆ ಕೊಳವೆಯ ಬಾಯಿಗೇ ಹೋಯಿತು. ನೀರಿನ ಮೇಲೆ ಗುಳ್ಳೆ ಬರುತ್ತಲೇ ಇತ್ತು, ಒಂದೇ ಕಡೆ ಬರುತ್ತಿತ್ತು. ತಿಳಿದವನಾದರೆ ಅಲ್ಲೇ ಎದೆ ಹೊಡೆದುಕೊಳ್ಳುತ್ತಿದ್ದ. ಮುಳುಗುಗಾರ ಬಂಡೆಯಿಂದ ಬಂಡೆಗೆ ಸರಿಯುತ್ತಿರುತ್ತಾನೆ, ಅವನ ಗುಳ್ಳೆಯೂ ಸರಿಯುತ್ತದೆ. ಲೊರೇನ್ ಸಂತೋಷಪಟ್ಟಳಂತೆ, ಒಳ್ಳೆ ಬಂಡೆ ಸಿಕ್ಕಿರಬೇಕು ಎಂದು. ಆಮೇಲೆ ಗುಳ್ಳೆ ನಿಂತಿತು. ಹೋಸು ಹಿಡಿದು ಬರಿಗೈಯಲ್ಲಿ ಎಳೆದಳು, ಅರವತ್ತಡಿ, ಒಬ್ಬಳೇ. ದೋಣಿ ತಿರುಗಿಸಿ ಜೆಟ್ಟಿಗೆ ತಂದಳು.

ಜೆಟ್ಟಿಯ ಮೇಲೆ ಎಂಟು ಜನ ಇದ್ದೆವು. ಕ್ಲೈವ್ ಆಗತಾನೆ ಎದ್ದು, ಬೂಟಿನ ಲೇಸು ಕಟ್ಟದೆ ಓಡಿ ಬಂದಿದ್ದ. ದೋಣಿಯೊಳಗೆ ನೋಡಿದ. ಇಳಿದು, ಲೊರೇನ್‌ಳ ರಟ್ಟೆ ಹಿಡಿದು ಎತ್ತಿ ನನ್ನ ಕೈಗೆ ಕೊಟ್ಟ. "ಇವಳನ್ನ ಮನೆಗೆ ಕರ್ಕೊಂಡ್ಹೋಗು ವಿನ್. ಮಗು ಸ್ಕೂಲಿಂದ ಬಂದಾಗ ಅಮ್ಮ ಮನೇಲಿರ್ಬೇಕು" ಎಂದ. ಆಮೇಲೆ ಎಂಜಿನ್ನಿನ ಪಕ್ಕ ಹೋಗಿ ಕೂತ. ಪೊಲೀಸು ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ರೆಕ್ಸ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಲೊರೇನ್‌ಳ ಹೆಸರು ದೋಣಿಯ ಪರವಾನಗಿಯಲ್ಲಿರಲಿಲ್ಲ. ಅವಳನ್ನು ಹಿಡಿದುಕೊಂಡು ಹೋಗುತ್ತಾರೆ, ಏಳು ವರ್ಷದ ನಿನ್ನನ್ನು ಸರ್ಕಾರದವರು ಒಯ್ಯುತ್ತಾರೆ ಎಂದೇ ನಾವೆಲ್ಲ ತಿಳಿದೆವು. ಸರಿಯೋ ತಪ್ಪೋ. ಯಾರೂ ಕೂತು ಮಾತಾಡಲಿಲ್ಲ, ಯಾರೂ ಆಣೆ ಇಡಿಸಲಿಲ್ಲ. ಪೊಲೀಸು ಕೇಳಿದ, ಎಂಟು ಬಾಯಿ ಒಂದೇ ಮಾತು ಹೇಳಿದವು. ನಾನು ಬೈಬಲ್ ಮುಟ್ಟಿ ಹೇಳಿದೆ. ಪತ್ರಿಕೆಗಳ ಸುಳ್ಳಿನ ಮೇಲೆ ಸಂಪಾದಕರಿಗೆ ಐವತ್ತು ವರ್ಷದಿಂದ ಕಾಗದ ಬರೆಯುವ ಇದೇ ನಾನು.

ನಿನ್ನ ತರ್ಕ ಸರಿಯಿತ್ತು. ಅಂಥವನು ಅಂಥ ತಪ್ಪು ಮಾಡುವುದಿಲ್ಲ.

ಈಗ ನಿನಗೆ ಗೊತ್ತಾಯಿತು. 26ರೊಳಗೆ ಬರೆ.

ವಿನ್


ಗ್ಯಾನೆಟ್ ಕೋವ್
28 ಆಗಸ್ಟ್ 2022

ಟ್ಯಾಮ್ಸಿನ್,

ನಿನ್ನಿಂದ ಏನೂ ಬರಲಿಲ್ಲ. ದಿನವೂ ಅಂಚೆ ಕಚೇರಿಯ ಬಾಗಿಲಲ್ಲಿ ನಿಂತೆ.

ಸಭೆಗೆ ನಲವತ್ತು ಜನ. ಜರೋಡ್ ಮನವಿ ಓದಿದ. ಕ್ಲೈವ್ ಕಡೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಹೇಳುವುದೇನಾದರೂ ಇದೆಯೇ ಎಂದು ಅಧ್ಯಕ್ಷೆ ಕೇಳಿದಳು. "ದೋಣಿಗಳು ಯಾರಿಗಾದ್ರೂ ಉತ್ತರ ಕೊಡ್ಲಿ, ಅಷ್ಟೇ ನನಗೆ" ಎಂದ.

ನಾನು ಎದ್ದೆ. ನಿನಗೆ ಬರೆದದ್ದನ್ನೆಲ್ಲ ಹೇಳಿದೆ, ಲೊರೇನ್‌ಳ ಹೆಸರು ಹಿಡಿದು. ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದೆ. ಮುಗಿಸಿದಾಗ ಜರೋಡ್ ಕೇಳಿದ:

"ಅಲ್ಲ ಮಿಸ್, ಕೋರ್ಟಲ್ಲಿ ಆವತ್ತು ಪ್ರಮಾಣ ಮಾಡಿ ಹೇಳಿದ್ರಲ್ಲ?"

"ಸುಳ್ಳು ಹೇಳಿದ್ದೆ."

"ಆವತ್ತು ಸುಳ್ಳಾ, ಇವತ್ತು ಸುಳ್ಳಾ? ನಾವ್ ಯಾವುದನ್ನ ತಗೊಳ್ಳೋಣ?"

ಯಾರೋ ನಕ್ಕರು. ಆವತ್ತು ಜೆಟ್ಟಿಯಲ್ಲಿದ್ದವರಲ್ಲಿ ಬದುಕಿರುವವರು ಮೂವರು: ನಾನು, ಕ್ಲೈವ್, ಆಬ್ರಿ ನಿಕೋಲ್ಸ್. ಆಬ್ರಿಯ ಕಡೆ ತಿರುಗಿದೆ. "ಹೇಳೋ ಆಬ್ರಿ. ನಿನ್ನ ಅಣ್ಣತಮ್ಮಂದಿರನ್ನ ಸಮುದ್ರದಿಂದ ತಂದವನು ಇವನು." ಎಂಬತ್ಮೂರು ವರ್ಷದ ಮುದುಕ, ಟೋಪಿಯನ್ನು ಮೊಣಕಾಲ ಮೇಲಿಟ್ಟು ಅದರ ಅಂಚು ಸವರುತ್ತಾ ಕೂತ. ಅವನು ನೋಡಿದ್ದು ನನ್ನನ್ನಲ್ಲ, ಕ್ಲೈವ್‌ನನ್ನು. ಅಪ್ಪಣೆ ಕೇಳುವವನ ಹಾಗೆ.

ಕ್ಲೈವ್ ಎದ್ದ. "ವಿನ್ ಒಳ್ಳೇವ್ಳು. ನನ್ನ ಉಳಿಸ್ಬೇಕು ಅಂತ ಏನೇನೋ ಹೇಳ್ತಿದಾಳೆ. ದೋಣೀಲಿದ್ದೋನು ನಾನೇ. ಲೊರೇನ್ ಮನೇಲಿದ್ಲು, ಬಟ್ಟೆ ಒಣಗ ಹಾಕ್ತಿದ್ಲು" ಎಂದ. ಕೂತ. ಆಬ್ರಿ ತಲೆಯಾಡಿಸಿ, "ಹೌದು, ಹಂಗೇ" ಎಂದ.

ಮತ ಹಾಕಿದರು. ತೆಗೆಯಬೇಕೆಂದು ಇಪ್ಪತ್ತಾರು ಕೈ.

ಹೊರಗೆ ಬಂದ ಮೇಲೆ ಅವನ ಮೇಲೆ ಕೂಗಾಡಿದೆ, ಬೀದಿಯಲ್ಲಿ ನಿಂತು, ನಾಚಿಕೆ ಬಿಟ್ಟು. "ಯಾಕೋ? ಅವಳು ಮೆಲ್ಬರ್ನಲ್ಲಿ ಬೆಚ್ಚಗೆ ಕೂತು ನಿನ್ನ ಕೊಲೆಗಾರ ಅಂದಿದ್ದು ನೋಡಿ ಲೋಟ ತೊಳೆದ್ಲಂತೆ ಕಣೋ!" ಎಂದೆ. ಅವನು ಹೇಳಿದ್ದು: "ನಾನು ಆವತ್ತು ಎದ್ದಿದ್ರೆ ಅವ್ಳು ಯಾಕೆ ದೋಣಿ ಹತ್ತುತ್ತಿದ್ಲು ವಿನ್?"

ಆ ಮಾತಿಗೆ ನಿನ್ನ ಹತ್ತಿರ ಉತ್ತರ ಇದ್ದರೆ ಬರೆ.

ವಿನಿಫ್ರೆಡ್ ಪೈಬಸ್


ಫುಟ್ಸ್‌ಕ್ರೇ
15 ಸೆಪ್ಟೆಂಬರ್ 2022

ದೊಡ್ಡಮ್ಮಾ,

ನಿನ್ನ 9ನೇ ತಾರೀಕಿನ ಕಾಗದ ನನಗೆ 12ಕ್ಕೇ ಸಿಕ್ಕಿತ್ತು. ಹದಿನಾಲ್ಕು ದಿನ ಟೈಮಿತ್ತು ನನಗೆ. ಅದನ್ನು ಮುಚ್ಚಿಡುವುದಿಲ್ಲ.

ಕಾಗದವನ್ನು ಅಮ್ಮನ ಮುಂದೆ ಇಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು, ಕೊನೆಯವರೆಗೂ ಓದಿ, ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿದಳು. "ಅವನೇ ಬಂದು ಕೂತ ಕಣೆ. ನಾನು ಕೇಳ್ಲಿಲ್ಲ" ಎಂದಳು. ನಾನು ಬೈದೆ, ಅತ್ತುಬಿಟ್ಟೆ, ಪತ್ರಿಕೆಗೆ ನೀನೇ ಬರಿ ಎಂದೆ. "ನೀನು ಎಂಟು ಕಂತು ಬರ್ದೆ. ಇನ್ನೂ ಏನು ಬರೀಬೇಕು?" ಎಂದಳು. ಕೋಪದಿಂದಲ್ಲ. ನಿಜವಾಗಿ ಕೇಳಿದ ಹಾಗೆ.

ನಾನು ಬರೆಯಲು ಕೂತೆ. ಕ್ಲೈವ್ ದೋಣಿಯಲ್ಲಿರಲಿಲ್ಲ ಎಂದು ಬರೆದರೆ ಮುಂದಿನ ಸಾಲಿನಲ್ಲಿ ಇದ್ದವರು ಯಾರು ಎಂದು ಬರೆಯಬೇಕು. ಮೂರು ವಾರ ಆ ಎರಡನೇ ಸಾಲು ಬರೆಯಲಾಗಲಿಲ್ಲ. ಕೊನೆಗೆ ನೀನು ಮೊದಲು ಕೇಳಿದ್ದನ್ನೇ ಕಳಿಸಿದೆ: ಕೊಲೆ ಕಲ್ಪಿತ, ಯಾವ ವ್ಯಕ್ತಿಗೂ ಸಂಬಂಧವಿಲ್ಲ, ನೋವಾಗಿದ್ದರೆ ವಿಷಾದ. ಮೊನ್ನೆ ಮೂವತ್ತೊಂದನೇ ಪುಟದಲ್ಲಿ, ಹಾಸಿಗೆಯ ಜಾಹೀರಾತಿನ ಪಕ್ಕ ಬಂತು.

ನೋಡಿದವರು ಏನು ಹೇಳಿದರು ಗೊತ್ತಾ? ವಕೀಲರು ಹೆದರಿಸಿ ಬರೆಸಿದ್ದಾರೆ ಎಂದು. ವಿಷಾದ ಎಂದರೆ ನಿಜವೆಂದೇ ಲೆಕ್ಕ ಎಂದು. ನಾನು ಜೂನಿನಲ್ಲಿ ಬರೆದಿದ್ದರೂ ಹೀಗೇ ಹೇಳುತ್ತಿದ್ದರೇನೋ. ಹಾಗೆಂದು ನಂಬಿಕೊಳ್ಳಲು ನೋಡುತ್ತಿದ್ದೇನೆ, ಆಗುತ್ತಿಲ್ಲ.

ಚಾನೆಲ್ಲಿನವರು ಎರಡನೇ ಭಾಗ ಕೇಳಿದ್ದಾರೆ. ಕೊಲೆಗಾರ ನಿಜವಾಗಿ ಕೊಲೆಗಾರನಲ್ಲ ಎಂದರೆ ಹೇಗಿರುತ್ತದೆ ಎಂದು ಒಬ್ಬ ತಾನಾಗಿ ಮೇಜು ಕುಟ್ಟಿ ಹೇಳಿದ. "ಹೆಂಡ್ತಿ ಮಾಡಿದ್ದು ಅಂದ್ರೆ? ಆಹಾ, ಎಂಥಾ ತಿರುವು!" ಎಂದ. ನಾನು ಎದ್ದು, ಬರೆಯುವುದಿಲ್ಲ ಎಂದು ಹೇಳಿಬಂದೆ. ಬೇರೆ ಯಾರಿಂದಲಾದರೂ ಬರೆಸುತ್ತಾರಂತೆ. ಹಕ್ಕು ಅವರದು.

ಕ್ಲೈವ್‌ಗೆ ಒಂದು ಕಾಗದ ಕಳಿಸಿದ್ದೇನೆ. ಕ್ಷಮೆ ಎಂಬ ಪದ ಅದರಲ್ಲಿ ಒಂಬತ್ತು ಸಲ ಬಂದಿದೆ. ಎಣಿಸಿದ್ದು ನಾನೇ, ನಿನ್ನಿಂದ ಕಲಿತ ಚಾಳಿ.

ಟ್ಯಾಮ್ಸಿನ್


ಗ್ಯಾನೆಟ್ ಕೋವ್
3 ಅಕ್ಟೋಬರ್ 2022

ಟ್ಯಾಮ್ಸಿನ್ ಮಗಳೇ,

ನಿನ್ನ ಕಾಗದ ಬಂತು. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಬಿಡು.

ನಿನ್ನ ದೊಡ್ಡಮ್ಮ ಬರೆದದ್ದನ್ನು ನಂಬಬೇಡ. ದೋಣಿಯಲ್ಲಿದ್ದವನು ನಾನು. ಇದು ಮುಗಿದ ಮಾತು.

ನಿನ್ನ ಧಾರಾವಾಹಿಯಲ್ಲಿ ಮುಳುಗುಗಾರ ಒದ್ದಾಡಿ ಸಾಯುತ್ತಾನೆ. ಅದೊಂದು ಸರಿಯಿಲ್ಲ. ಅದಕ್ಕೇ ಈ ಕಾಗದ. ಆ ಹೊಗೆಯಲ್ಲಿ ನೋವು ಗೊತ್ತಾಗುವುದಿಲ್ಲ, ನಿದ್ದೆ ಬಂದ ಹಾಗೆ ಆಗುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದರು. ಬೆಲ್ಟಿನ ಚೀಲ ಅರ್ಧ ತುಂಬಿತ್ತು, ದೊಡ್ಡ ದೊಡ್ಡ ಚಿಪ್ಪು. ರೆಕ್ಸ್‌ನ ಮುಖ ಸಮಾಧಾನವಾಗಿತ್ತು. ಬಹಳ ಹೊತ್ತು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಬೆಳಿಗ್ಗೆ ಹೋಗುವಾಗ ನಿನ್ನ ಸ್ಕೂಲಿನ ನಾಟಕದ ಮಾತು ಆಡಿದನಂತೆ, ನೀನು ಅದರಲ್ಲಿ ಪೆಂಗ್ವಿನ್ ಆಗಿದ್ದೆಯಲ್ಲ. ಆಡಿದ ಎಂದು ಬರೆಯಬೇಕಿತ್ತು. ನನ್ನ ಹತ್ತಿರವೇ ಆಡಿದ.

ರೇಡಿಯೋ ಈಗ ಜರೋಡ್‌ನ ತಂಗಿ ನೋಡಿಕೊಳ್ಳುತ್ತಾಳೆ. ಜೋರಾಗಿ ಕರೆಯುತ್ತಾಳೆ, ಒಳ್ಳೆಯದು. ಎಲ್ಲ ದೋಣಿಗಳೂ ಉತ್ತರ ಕೊಡುತ್ತಿವೆ. ಆ ಹೊತ್ತಿಗೆ ನಾನು ಹೊರಗೆ ನಡೆಯಲು ಹೋಗುತ್ತೇನೆ.

ನಿನ್ನ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಬರೆದಿದ್ದೀಯ. ಅವಳಿಗೆ ಹೇಳು, ವಿನ್ ಸಭೆಯಲ್ಲಿ ಹೇಳಿದ್ದನ್ನು ಊರಿನಲ್ಲಿ ಒಬ್ಬರೂ ನಂಬಲಿಲ್ಲ. ಹೆದರಬೇಡ ಅನ್ನು.

ಕ್ಲೈವ್ ಟ್ರಿಫಿಟ್